ಸಾಹೇಬರ ‘ಕಾಯ್’, ಅಪ್ಪನ ‘ಕಾಯಿ’

ಅಪ್ಪನಿಗೆ ಲಕ್ವಾ ಹೊಡೆದಾಗ ಬಲಗೈ, ಬಲಗಾಲಿನ ಜೊತೆ ಮರಾಠಿಯೂ ಹೋಯಿತು. ಸೊಲ್ಲಾಪುರದ ಪೇಟೆಯಲ್ಲಿ ಹರೆಯದಿಂದ ಮರಾಠಿಯಲ್ಲೇ ಸೀರೆ ಮಾರಿದವರು, ನಂಬುವವರು ಯಾರು? ಡಾಕ್ಟರರು ಮಾತ್ರ ಹೀಗೂ ಆಗುವುದುಂಟು ಎಂದರು. ಉಳಿದದ್ದು ಮನೆಯ ಕನ್ನಡ, ಅದೂ ತೊದಲು.

ಎಪ್ಪತ್ತೆರಡರ ಬರ ಕಳೆದು ಪೇಟೆ ಆಗಷ್ಟೇ ಚೇತರಿಸಿಕೊಳ್ಳುತ್ತಿತ್ತು. ಅಂಗಡಿ ಅಪ್ಪ ಮತ್ತು ಅವರ ತಮ್ಮ, ಅಕ್ಕಲಕೋಟೆಯ ಕಾಕಾ, ಇಬ್ಬರ ಹೆಸರಿನಲ್ಲಿತ್ತು. ಕಾಕಾನಿಗೆ ಅದನ್ನು ಮಾರುವ ಅವಸರ. ಅಪ್ಪನಿಗೆ, ತಮ್ಮ ಪಾಲಿನ ಕಾರಭಾರ ಇನ್ನು ಅವ್ವ ನೋಡಿಕೊಂಡು ಅಂಗಡಿ ಉಳಿಸಲಿ ಎಂಬ ಆಸೆ. ಗಿರಾಕಿಗಳನ್ನು ಅವ್ವ ಅವರಿಗಿಂತ ಚೆನ್ನಾಗಿ ಬಲ್ಲಳು. ಬುದ್ಧಿ ನೆಟ್ಟಗಿರುವಾಗಲೇ ಅವ್ವನ ಹೆಸರಿಗೆ ಮುಖತ್ಯಾರಪತ್ರ ಮಾಡಿಸಿ, ಆಮೇಲೆ ನಡೆಯುವುದಿಲ್ಲ ಎಂದು ವಕೀಲರು ಹೇಳಿದರು.

ನೋಂದಣಿ ಕಚೇರಿಯ ಸಾಹೇಬರು ಮನೆಗೇ ಬಂದರು. ಹಾಸಿಗೆಯ ಹತ್ತಿರ ಕುರ್ಚಿ ಎಳೆದುಕೊಂಡು, ನಿಮ್ಮ ಇಚ್ಛೆ ಏನು ಎಂದು ಮರಾಠಿಯಲ್ಲಿ ಕೇಳಿದರು.

“ತುಮಚೀ ಇಚ್ಛಾ ಕಾಯ್?”

ಆ ‘ಕಾಯ್’ ಅಪ್ಪನ ಕಿವಿಗೆ ತೆಂಗಿನಕಾಯಿಯಾಗಿ ಬಿತ್ತು.

“ಕಾಯಿ ದೇವರ ಮುಂದ ಐತ್ರಿ.”

ಸಾಹೇಬರು ಜೊತೆಗೆ ಬಂದಿದ್ದ ಕಾರಕೂನನ ಮುಖ ನೋಡಿದರು. ಕನ್ನಡದಲ್ಲಿ ಕೇಳಿರಿ ಎಂದು ಅವ್ವ ಅಂಗಲಾಚಿದಳು. ಮುಖತ್ಯಾರಿ ಪಡೆಯುವವರೇ ದುಭಾಷಿಯಾದರೆ ಹೇಗೆ ಎಂದು ಸಾಹೇಬರು ಅಲ್ಲೇ ನಿಂತಿದ್ದ ಕಾಕಾನನ್ನು ಮುಂದೆ ಕರೆದರು. ಎಂಥ ನ್ಯಾಯವೋ! ಯಾರಿಗೆ ಕೊಡುತ್ತೀ ಎಂದು ಕಾಕಾ ಕನ್ನಡದಲ್ಲಿ ಕೇಳಿದ. ಅಪ್ಪ ಅವ್ವನನ್ನು ಎಂದೂ ಹೆಸರು ಹಿಡಿದು ಕರೆದವರಲ್ಲ. ತೊದಲುತ್ತಲೇ, ಆದರೆ ಬಾಗಿಲಲ್ಲಿದ್ದ ನನಗೂ ಕೇಳಿಸುವಂತೆ ಅಂದರು:

“ಎಲ್ಲಾ ಇಕೀ ಕೈಯಾಗ ಕೊಡು.”

ಏನೆಂದರು ಎಂದು ಸಾಹೇಬರು ಕೇಳಿದರು. ಕಾಕಾ ನೆಲ ನೋಡುತ್ತ, ಏನೋ ಬಡಬಡಿಸುತ್ತಾನೆ, ತಿಳಿಯುವುದಿಲ್ಲ ಎಂದ. ಸುಳ್ಳು ಎಂದು ಅವ್ವ, ನಾನು ಇಬ್ಬರೂ ಕೂಗಿದೆವು. ಹೆಂಡತಿ, ಮಗಳ ಮಾತು ಯಾರಿಗೆ ಬೇಕು? ಬುದ್ಧಿ ಸ್ಥಿಮಿತದಲ್ಲಿಲ್ಲ ಎಂದು ಬರೆದುಕೊಂಡು ಸಾಹೇಬರು ಹೋದರು. ಅಪ್ಪ ಗೋಡೆಯ ಕಡೆ ಮುಖ ತಿರುಗಿಸಿದರು.

ಅಪ್ಪನ ಪರವಾಗಿ ನಿಲ್ಲುವವರೇ ಇಲ್ಲದ ಮೇಲೆ ಕಾಕಾನದೇ ಮಾತು ನಡೆಯಿತು, ಅಂಗಡಿ ಮಾರಿಹೋಯಿತು. ನಾವು ಅಕ್ಕಲಕೋಟೆಗೆ, ಅವನ ಮನೆಯ ಹಿಂದಿನ ಖೋಲಿಗೆ ಬಂದೆವು. ಉಣ್ಣಲಿಕ್ಕೆ, ಉಡಲಿಕ್ಕೆ ಅವನು ಕಡಿಮೆ ಮಾಡಲಿಲ್ಲ, ಇದ್ದದ್ದು ಹೇಳಬೇಕು. ಅಪ್ಪ ಮಾತ್ರ ತಮ್ಮನ ಎದುರು ತುಟಿ ಬಿಚ್ಚಲಿಲ್ಲ. ಬಂದವರೆಲ್ಲ ಅವರನ್ನು ಹುಚ್ಚರೆಂದೇ ತಿಳಿದು, ಅವರ ಮುಂದೆಯೇ ಅವರ ಬಗ್ಗೆ ಮಾತಾಡುತ್ತಿದ್ದರು. ಅದೇ ಖೋಲಿಯಲ್ಲಿ ಅಪ್ಪ ತೀರಿಕೊಂಡರು.

ದಿನಕರ್ಮ ಮುಗಿದು ನೆಂಟರು ಹೋದ ಮೇಲೆ ಅವ್ವ ಕಾಕಾನ ಮುಂದೆ ಹೋಗಿ ಕುಳಿತಳು. ಅವತ್ತು ಅವರು ಅಂದದ್ದು ನಿಮಗೆ ನಿಜವಾಗಿಯೂ ತಿಳಿಯಲಿಲ್ಲವೇ ಎಂದು ಕೇಳಿದಳು.

“ತಿಳದಿತ್ರಿ, ವೈನಿ,” ಎಂದ ಕಾಕಾ. “ನನಗ ತಿಳದೈತಿ ಅಂತ ಅಣ್ಣಗೂ ಗೊತ್ತಿತ್ತು.”