ಡಾಕ್ಟರು ರಜೆಯಲ್ಲಿರಲಿಲ್ಲ

ನನ್ನ ತಮ್ಮ ಮದುವೆಗಳಲ್ಲಿ ಎಂ.ಸಿ. ಆಗಿ ಹೋಗುತ್ತಿದ್ದ. ನಮ್ಮ ಕ್ರಿಶ್ಚಿಯನ್ ಮದುವೆಗಳಲ್ಲಿ ಊಟಕ್ಕೆ ಮೊದಲು ಮೈಕ್ ಹಿಡಿದು ಜನರನ್ನು ನಗಿಸಿ, ಕುಣಿಸಿ, ಮದುಮಕ್ಕಳಿಗೆ ಶುಭ ಹಾರೈಸುವ ಟೋಸ್ಟ್ ಹೇಳಿಸುವವನೇ ಎಂ.ಸಿ. ಎಂ.ಸಿ. ಸರಿಯಿಲ್ಲದಿದ್ದರೆ ಊಟ ಎಷ್ಟು ಒಳ್ಳೆಯದಿದ್ದರೂ ಮದುವೆ ಸಪ್ಪೆ ಎಂದು ಜನ ವರ್ಷಗಟ್ಟಲೆ ಹೇಳುತ್ತಾರೆ. ತಮ್ಮ ಮೈಕ್ ಹಿಡಿದ ಮದುವೆ ಯಾವುದೂ ಸಪ್ಪೆಯಾಗಿರಲಿಲ್ಲ.

ಆದರೆ ಕೆಲವು ವಾರ ಅವನಿಗೆ ನಿದ್ದೆಯೇ ಇರುತ್ತಿರಲಿಲ್ಲ. ಮಾತು ನಿಲ್ಲುತ್ತಿರಲಿಲ್ಲ. ಪಣಂಬೂರಿನ ಕೆಲಸದಿಂದ ಬಂದವನೇ ಅಡುಗೆಕೋಣೆಯ ಗೋಡೆಗೆ ಬಣ್ಣ ಹೊಡೆಯಲು ಶುರುಮಾಡುತ್ತಿದ್ದ. ಆಮೇಲೆ ಒಂದೆರಡು ತಿಂಗಳು ಹಾಸಿಗೆ ಬಿಟ್ಟು ಏಳುತ್ತಿರಲಿಲ್ಲ, ಇಗರ್ಜಿಗೂ ಬರುತ್ತಿರಲಿಲ್ಲ. ಮೊದಲನೆಯದನ್ನು ನಾವು ಉಮೇದು ಎಂದೆವು, ಎರಡನೆಯದನ್ನು ಸೋಮಾರಿತನ.

ಕೊಟ್ಟಾರದಲ್ಲಿ ಅಮ್ಮ, ತಮ್ಮ ಇರುವ ಮನೆಯ ಪಕ್ಕ ಗಲ್ಫಿನಲ್ಲಿ ನರ್ಸ್ ಆಗಿದ್ದವರೊಬ್ಬರು ಇದ್ದಾರೆ. ಅವರು ಅಮ್ಮನನ್ನು ಕೂರಿಸಿ ಹೇಳಿದರಂತೆ, ಇದು ಬೈಪೋಲಾರ್ ಕಾಯಿಲೆ ಇರಬಹುದು, ಡಾಕ್ಟರು ನೋಡಿಯೇ ಹೇಳಬೇಕು, ಮದ್ದು ಉಂಟು ಎಂದು. ಹಂಪನಕಟ್ಟೆಯ ಒಬ್ಬ ಮನೋವೈದ್ಯರ ನಂಬರನ್ನು ಚೀಟಿಯಲ್ಲಿ ಬರೆದುಕೊಟ್ಟರು. ಅಮ್ಮ ಅದನ್ನು ಪ್ರಾರ್ಥನೆಯ ಪುಸ್ತಕದೊಳಗೆ ಇಟ್ಟು, ಅವನೇ ಒಪ್ಪಲಿ ಎಂದು ನಾಲ್ಕು ತಿಂಗಳು ಕಾದಳು. ಅವನಿಗೆ ಒಮ್ಮೆಯೂ ಗದರಲಿಲ್ಲ. ನಿನಗೆ ನಿದ್ದೆ ಇಲ್ಲದಿದ್ದರೆ ನನಗೂ ಬರುವುದಿಲ್ಲ ಎಂದಷ್ಟೇ ಹೇಳುತ್ತಿದ್ದಳು. ಅವನು ತಮಾಷೆ ಮಾಡಿ ಹೊರಟುಬಿಡುತ್ತಿದ್ದ.

ಒಂದು ದಿನ ಅಮ್ಮ ಹಿತ್ತಲಲ್ಲಿ ಬಂಗುಡೆ ಮೀನು ಕೊಯ್ಯುತ್ತಿದ್ದಾಗ ಅವನೇ ಬಂದು ಮೆಟ್ಟಿಲ ಮೇಲೆ ಕೂತನಂತೆ. "ತಲೆ ಒಂದು ಕಡೆ ನಿಲ್ಲುವುದಿಲ್ಲ ಅಮ್ಮ. ಅಕ್ಕ ಜೊತೆಗೆ ಬಂದರೆ ಡಾಕ್ಟರ ಹತ್ತಿರ ಬರ್ತೇನೆ."

ಅಮ್ಮ ಅದೇ ಸಂಜೆ ಬಸ್ಸು ಹತ್ತಿ ನನ್ನ ಮನೆಗೆ ಬಂದಳು. ಚೀಟಿ ನನ್ನ ಕೈಗೆ ಕೊಟ್ಟು, ನೀನೇ ಫೋನ್ ಮಾಡು ಎಂದಳು. ಅವಳ ಬೆರಳುಗಳಲ್ಲಿ ಇನ್ನೂ ಮೀನಿನ ವಾಸನೆ ಇತ್ತು.

ನನ್ನ ಮಗಳ ಮದುವೆಗೆ ಹದಿನೆಂಟು ದಿನ ಇತ್ತು. ತಮ್ಮ ಉಮೇದಿನಲ್ಲಿದ್ದ, ಎಂ.ಸಿ. ಅವನೇ. ಮಾತ್ರೆ ತೆಗೆದುಕೊಂಡರೆ ತೂಕಡಿಸಿಯಾನು, ಆ ಡಾಕ್ಟರ ಬೆಂಚಿನ ಮೇಲೆ ನಮ್ಮನ್ನು ಯಾರಾದರೂ ಕಂಡರೆ ಗಂಡಿನ ಕಡೆಯವರಿಗೆ ಗೊತ್ತಾದೀತು ಎಂದು ಲೆಕ್ಕ ಹಾಕಿದೆ. ನಾನು ಓದಿದ್ದು ಏಳನೇ ಕ್ಲಾಸಿನವರೆಗೆ. ಆದರೆ ಇದು ತಿಳಿಯದೆ ಮಾಡಿದ್ದಲ್ಲ. ಮೂರನೇ ದಿನ ಅಮ್ಮ ಕೇಳಿದಾಗ, ಡಾಕ್ಟರು ರಜೆಯಲ್ಲಿದ್ದಾರೆ, ಮದುವೆ ಕಳೆದ ಮೇಲೆ ಬರುವುದಂತೆ ಎಂದೆ. ನಾನು ಆ ನಂಬರು ಒತ್ತಿಯೇ ಇರಲಿಲ್ಲ.

ಮದುವೆಯ ದಿನ ಅವನು ಕಪ್ಪು ಕೋಟು, ಹೊಸ ಕಪ್ಪು ಶೂ ಹಾಕಿ ಗಂಡಿನ ಮುದಿ ಅತ್ತೆಯರನ್ನೂ ಕುಣಿಸಿದ. "ನಿನ್ನ ತಮ್ಮನನ್ನು ಚಾರ್ಜಿಗೆ ಹಾಕಿ ತಂದದ್ದಾ ಮಾರಾಯ್ತಿ?" ಎಂದು ಒಬ್ಬರು ನನ್ನ ಬೆನ್ನು ತಟ್ಟಿದರು. ನಾನೂ ನಕ್ಕೆ. ಅಮ್ಮ ನಗದೆ ಅವನನ್ನೇ ನೋಡುತ್ತಿದ್ದಳು.

ಎರಡು ವಾರದೊಳಗೆ ಅವನು ಮಲಗಿದ. ಈ ಸಲ ಐದು ತಿಂಗಳು. ಕೆಲಸ ಹೋಯಿತು. ಅಮ್ಮ ಗಂಜಿ ಹಿಡಿದು ಅವನ ಬಾಗಿಲಲ್ಲಿ ಕೂರುತ್ತಿದ್ದಳು, ಒಮ್ಮೆ ಡಾಕ್ಟರಿಗೆ ತೋರಿಸುವ ಎನ್ನುತ್ತಿದ್ದಳು. ಅವನು ಗೋಡೆಗೆ ಮುಖ ಮಾಡುತ್ತಿದ್ದ. "ನಮ್ಮ ಗ್ರಹಚಾರ, ಆಗಲೇ ಆ ಡಾಕ್ಟರಿಗೆ ರಜೆ ಬರಬೇಕಾ?" ಎಂದು ಅಮ್ಮ ನನ್ನ ಹತ್ತಿರ ಹೇಳುವಳು. ನಾನು ಎದ್ದು ಪಾತ್ರೆ ತೊಳೆಯಲು ಹೋಗುತ್ತಿದ್ದೆ.

ಒಂದು ಶನಿವಾರ ನಾನೂ ಅಲ್ಲಿದ್ದೆ. ಅಮ್ಮ ಮತ್ತೆ ಕೇಳಿದಳು. ಒಳಗಿನಿಂದ ಅವನ ಸ್ವರ ಬಂತು, "ಬರ್ತೇನೆ ಅಂದಿದ್ದೆನಲ್ಲ. ಆಗ ಯಾರಿಗೂ ಬೇಡ. ಈಗ ಎಂತಕ್ಕೆ?"

"ಡಾಕ್ಟರಿಗೆ ರಜೆ ಇತ್ತು ಪುತಾ," ಎಂದಳು ಅಮ್ಮ.

"ರಜೆ ಇರಲಿಲ್ಲ," ನಾನು ಹೇಳಿದೆ. "ನಾನು ಫೋನೇ ಮಾಡಲಿಲ್ಲ. ಮದುವೆಯಲ್ಲಿ ನೀನು ಹಾಗೆಯೇ ಇರಬೇಕಿತ್ತು ನನಗೆ."

ಒಳಗಿನಿಂದ ಅವನು ಕೇಳಿದ, "ಟೋಸ್ಟ್ ಚೆಂದ ಆಯ್ತಲ್ಲ ಅಕ್ಕ?"

ಚೀಟಿ ಇನ್ನೂ ನನ್ನ ಪರ್ಸಿನಲ್ಲೇ ಇತ್ತು. ಅಮ್ಮ ಅದನ್ನು ತೆಗೆಸಿ ತನ್ನೆದುರೇ ಫೋನ್ ಮಾಡಿಸಿದಳು. ಗುರುವಾರ ಹತ್ತು ಗಂಟೆಗೆ ಬರಲು ಹೇಳಿದರು. ತಮ್ಮ ಹೂಂ ಅನ್ನಲಿಲ್ಲ, ಇಲ್ಲ ಎಂದೂ ಅನ್ನಲಿಲ್ಲ. ಗೇಟಿನ ತನಕ ಬಂದ ಅಮ್ಮ, "ನೀನು ಬರುವುದು ಬೇಡ" ಎಂದಳು.

ಗುರುವಾರ ನಾನು ಹಂಪನಕಟ್ಟೆಯಲ್ಲಿ, ಕೊಟ್ಟಾರದ ಬಸ್ಸು ನಿಲ್ಲುವಲ್ಲಿಗೆ ಎದುರಿನ ಚಪ್ಪಲಿ ಅಂಗಡಿಯ ಮುಂದೆ ನಿಂತೆ. ಮೂರು ಬಸ್ಸು ಬಂದು ಹೋದವು. ನಾಲ್ಕನೆಯದರಿಂದ ಅಮ್ಮ ಇಳಿದಳು, ತಿರುಗಿ ಬಾಗಿಲಿನತ್ತ ಕೈ ಚಾಚಿದಳು. ತಮ್ಮ ಇಳಿದ. ಗಡ್ಡ ಕುತ್ತಿಗೆಗೆ ಇಳಿದಿತ್ತು. ಕಾಲಲ್ಲಿ ಮದುವೆಯ ಆ ಕಪ್ಪು ಶೂ. ಅಮ್ಮ ನನ್ನನ್ನು ಕಂಡಳೆಂದೇ ನನ್ನ ಅಂದಾಜು. ಕರೆಯಲಿಲ್ಲ.

ಅಕ್ಕ ಜೊತೆಗೆ ಬಂದರೆ ಎಂದಿದ್ದ ಅವನು. ಇಬ್ಬರೂ ಬಸ್ಸು ನಿಲ್ಲುವಲ್ಲೇ ಇದ್ದ ಡಾಕ್ಟರ ಕ್ಲಿನಿಕ್ಕಿನ ಮೆಟ್ಟಿಲು ಹತ್ತುವುದನ್ನು ನಾನು ರಸ್ತೆಯ ಈಚೆಯಿಂದ ನೋಡಿದೆ. ಅವರು ಹೊರಗೆ ಬರುವವರೆಗೂ ಅಲ್ಲೇ ನಿಂತಿದ್ದೆ. ಎಂತ ಬೇಕು ಎಂದು ಅಂಗಡಿಯವನು ಎರಡು ಸಲ ಕೇಳಿದ.