ತೊಲೆಯ ಮೇಲಿನ ಗಿಳಿಗಳು

ಹಳೆಯ ಮನೆಗಳ ಒಳಗಿನ ಫೋಟೊವನ್ನು ಕಿಟಕಿಯ ಬೆಳಕಿನಲ್ಲೇ ತೆಗೆಯಬೇಕು, ಫ್ಲ್ಯಾಶ್ ಹೊಡೆಯುವುದೆಂದರೆ ಮಲಗಿದ ಹಿರಿಯರ ಮುಖಕ್ಕೆ ಬ್ಯಾಟರಿ ಬಿಟ್ಟಂತೆ ಎಂದು ಬೀದರಿನ ತುಂಬ ಭಾಷಣ ಮಾಡಿಕೊಂಡು ತಿರುಗುತ್ತಿದ್ದೆ. ಈ ಜಂಬ ಹತ್ತಿದ್ದು ಅಷ್ಟೂರಿನಲ್ಲಿ. ಅಲ್ಲಿನ ಗೋರಿಗಳ ಕಾವಲಿನವನು ಬಾಗಿಲಲ್ಲಿ ನಿಂತು ಕನ್ನಡಿಯಿಂದ ಬಿಸಿಲನ್ನು ಒಳಗೆ ತಿರುಗಿಸಿದರೆ, ಕತ್ತಲೆಯ ಗುಮ್ಮಟದಲ್ಲಿ ಬಣ್ಣದ ಚಿತ್ತಾರ ಎದ್ದು ಬರುತ್ತಿತ್ತು. ಅಂದೇ ನನ್ನ ಫ್ಲ್ಯಾಶ್ ಮೈಲೂರಿನ ನಮ್ಮ ಮನೆಯ ಅಟ್ಟ ಸೇರಿತು.

ಆಗ ಬರಗಾಲ. ಭಾಲ್ಕಿಯಲ್ಲಿ ಚಿಕ್ಕಪ್ಪ ಚಹಾದಂಗಡಿ ಇಟ್ಟಿದ್ದರು. ನೀರೇ ಇಲ್ಲದ ಊರಲ್ಲಿ ಚಹಾ ಏನು ಮಾರುವುದು? ಸಂಸಾರ ಸಮೇತ ಹೈದರಾಬಾದಿಗೆ ಹೊರಟರು. ಹೊರಡುವ ದಿನ ಫೋಟೊ ತೆಗೆಯಲು ಚಿಕ್ಕಮ್ಮ ನನ್ನನ್ನು ಕರೆಸಿದಳು. ಅವರ ಬಾಡಿಗೆ ಮನೆಯ ಪಡಸಾಲೆಯ ತೊಲೆಯಲ್ಲಿ ಸಾಲಾಗಿ ಗಿಳಿಗಳನ್ನು ಕೆತ್ತಿದ್ದರು. ಅವಳ ಮಕ್ಕಳ ತೊಟ್ಟಿಲು ತೂಗಿದ್ದು ಅವುಗಳ ಕೆಳಗೇ.

“ಗಿಳಿ ಕಾಣಬೇಕು ನೋಡಪಾ. ಬಾಕಿ ಏನ್ ಬಂದ್ರೂ ಬರ್ಲಿ,” ಎಂದಳು. “ಸಂಜಿಗಿ ಔರಾದ ಕಡಿಂದ ಲಾರಿ ಬರ್ತದ. ಮತ್ತ ಈ ಮನಿ ನೋಡಾದಿಲ್ಲ.”

ಇದ್ದದ್ದು ಒಂದೇ ಕಿಟಕಿ. ಬಿಸಿಲು ನೆಲದ ಹಾಸುಗಲ್ಲಿನ ಮೇಲೆ ಬಿದ್ದು ಅಲ್ಲೇ ಸಾಯುತ್ತಿತ್ತು. ತೊಲೆ ಕಪ್ಪೋ ಕಪ್ಪು. ಕನ್ನಡಿ ಕೇಳಿದೆ. ದೊಡ್ಡದನ್ನು ಗಾದಿಯೊಳಗೆ ಸುತ್ತಿ ಬಿಗಿದಾಗಿತ್ತು. ಕುಂಕುಮ ಹಚ್ಚಿಕೊಳ್ಳುವ ಅಂಗೈಯಗಲದ್ದು ಬಂತು. ಅದರ ಬೆಳಕಿಗೆ ಒಂದು ಗಿಳಿಯ ಬಾಲ ಮಾತ್ರ ಕಂಡಿತು.

“ನಿನ್ನ ಲೈಟ್ ಎಲ್ಲದ?” ಎಂದರು ಚಿಕ್ಕಪ್ಪ. ಅಟ್ಟದ ಮೇಲಿದೆ ಎನ್ನಲು ನಾಚಿಕೆಯಾಗಿ ಮತ್ತೆ ಭಾಷಣ ಶುರು ಮಾಡಿದೆ. ಅವರು ಗಂಟು ಕಟ್ಟಲು ಎದ್ದು ಹೋದರು.

ಮನೆ ಬಿಡುವಾಗ ಲೋಬಾನದ ಧೂಪ ಹಾಕುವುದು ಆ ಓಣಿಯ ರೂಢಿ. ಚಿಕ್ಕಮ್ಮ ಕೆಂಡದ ಮೇಲೆ ಒಂದು ಚಿಟಿಕೆ ಉದುರಿಸಿದಾಗ ಹೊಗೆಯಲ್ಲಿ ಬಿಸಿಲು ಕೋಲಿನಂತೆ ಕಂಡಿತು. ಹೊಗೆ ತೊಲೆಯವರೆಗೆ ಹಬ್ಬಿದರೆ ಬೆಳಕೂ ಹಬ್ಬೀತು ಎಂದು ಡಬ್ಬಿ ಬರಿದಾಗುವ ತನಕ ಹಾಕಿಸಿದೆ. ಗಿಳಿಗಳ ಮಾತಿರಲಿ, ಚಿಕ್ಕಪ್ಪನೇ ಕಾಣದಾದರು. ಹೊಗೆ ಕಿಟಕಿಯಿಂದ ಓಣಿಗೆ ನುಗ್ಗಿತು.

“ಬೆಂಕಿ ಬಿದ್ದದ, ಬರ್ರಿ,” ಎಂದು ಯಾರೋ ಕೂಗಿದರು. ಮೊದಲು ಓಡಿ ಬಂದವಳು ಎದುರುಮನೆಯಾಕೆ. ಟ್ಯಾಂಕರಿನ ಸರದಿಗಾಗಿ ಜಗಳವಾಡಿ ಅವಳೂ ಚಿಕ್ಕಮ್ಮನೂ ಬೇಸಿಗೆಯಿಡೀ ಮಾತು ಬಿಟ್ಟಿದ್ದರು. ಒಂದು ತಂಬಿಗೆ ನೀರನ್ನೂ ಯಾರೂ ಯಾರಿಗೂ ಕೊಡದ ಕಾಲದಲ್ಲಿ ಅವಳು ತುಂಬಿದ ಕೊಡವನ್ನೇ ಬೀಸಿದಳು. ಹಿಂದೆ ಬಂದವರೂ ಸುರಿದರು. ಹೆಚ್ಚಿನದೆಲ್ಲ ನನ್ನ ಮೇಲೆ. ಕ್ಯಾಮೆರಾವನ್ನು ಅಂಗಿಯೊಳಗೆ ತುರುಕಿಕೊಂಡೆ.

ಕೆಂಡ ಆರಿತು, ಹೊಗೆ ಸರಿಯಿತು. ಹಾಸುಗಲ್ಲಿನ ಮೇಲೆ ನೀರು ನಿಂತಿತ್ತು. ಕಿಟಕಿಯ ಬಿಸಿಲು ಆ ನೀರಿಗೆ ಬಡಿದು ತೊಲೆಗೆ ಹತ್ತಿತ್ತು. ಗಿಳಿಗಳೆಲ್ಲ ಕೊಕ್ಕು, ರೆಕ್ಕೆ ಸಮೇತ ಮೇಲೆ ಕೂತಿದ್ದವು.

“ಯಾರೂ ಅಲುಗಬ್ಯಾಡ್ರಿ,” ಎಂದೆ. ಎಲ್ಲರೂ ಖಾಲಿ ಕೊಡ ಹಿಡಿದು ಕತ್ತೆತ್ತಿ ನಿಂತರು. ತೆಗೆದೆ.

ಬೆಂಕಿ ಇರಲೇ ಇಲ್ಲವೆಂದು ತಿಳಿದ ಮೇಲೆ ಎದುರುಮನೆಯಾಕೆ ತನ್ನ ಕೊಡದೊಳಗೆ ಇಣುಕಿದಳು. “ಕುಡಿಯಾ ನೀರಿತ್ತು,” ಎಂದಳು. ಚಿಕ್ಕಮ್ಮ ಕೊಡ ಕಸಿದುಕೊಂಡು, ದಾರಿಗೆಂದು ತುಂಬಿಟ್ಟಿದ್ದ ನೀರನ್ನೆಲ್ಲ ಅದಕ್ಕೆ ಸುರಿದಳು. ನನಗೆ ಅಳು ಬಂತು. ಮೊದಲೇ ತೊಯ್ದಿದ್ದರಿಂದ ಯಾರಿಗೂ ತಿಳಿಯಲಿಲ್ಲ.

ಮುಂದೊಮ್ಮೆ ಹೈದರಾಬಾದಿಗೆ ಹೋದಾಗ ಆ ಫೋಟೊ ಅವರ ತಗಡಿನ ಕೋಣೆಯ ಗೋಡೆಯ ಮೇಲಿತ್ತು. ಪಕ್ಕದ ಮನೆಯವರು ಗಿಳಿಗಳನ್ನು ನೋಡಿ ಹೊಗಳುತ್ತಿದ್ದರು. ಚಿಕ್ಕಮ್ಮ ಅವರ ಕಣ್ಣನ್ನು ಕೆಳಕ್ಕೆ ತಿರುಗಿಸಿ, ಖಾಲಿ ಕೊಡ ಹಿಡಿದ ಎದುರುಮನೆಯಾಕೆಯ ಮೇಲೆ ಬೆರಳಿಟ್ಟಳು.

“ಈಕಿ ನನ್ನ ಸಂಗಟ ಮಾತಾಡ್ತಿದ್ದಿಲ್ರಿ,” ಎಂದಳು.