ಅತ್ತೆ ತಾನೇ ಉಂಡ ತುತ್ತು

ತಪಾಸಣೆಗೆಂದು ಇವತ್ತು ಕೊಪ್ಪಳದ ಆಸ್ಪತ್ರೆಗೆ ಬಂದು ಕೂತಿದ್ದೆ ನೋಡಿ, ಫಿನಾಯಿಲ್ ವಾಸನೆಯ ಜೊತೆ ಯಾರದೋ ಬುತ್ತಿಯ ಶೇಂಗಾ ಚಟ್ನಿಯ ಘಮ ಬಂತು. ಉಪವಾಸವಿದ್ದ ನನ್ನ ಬಾಯಲ್ಲಿ ನೀರೂರಿತು. ಮನಸ್ಸು ಮಾತ್ರ ನೀಲವ್ವ ಅತ್ತೆಯ ಹತ್ತಿರ ಓಡಿತು.

ಅತ್ತೆ ನನ್ನ ತಂದೆಯ ತಂಗಿ. ಕುಷ್ಟಗಿಯಲ್ಲಿ ಅವಳದೊಂದು ಖಾನಾವಳಿ. ರೊಟ್ಟಿ ಬಡಿಯುವ ಕೈ ಎಷ್ಟು ಚುರುಕೋ ನಾಲಿಗೆ ಅದಕ್ಕಿಂತ ಚುರುಕು. ಸಾಕೆಂದ ಗಿರಾಕಿಯನ್ನು ಬೈದು ಇನ್ನೊಂದು ರೊಟ್ಟಿ ಹಾಕುತ್ತಿದ್ದಳು. ನಾನಂತೂ ಬೈಸಿಕೊಳ್ಳಲೆಂದೇ ಸಾಕು ಎನ್ನುತ್ತಿದ್ದೆ.

ಹಲವು ವರ್ಷಗಳ ಹಿಂದೆ ಒಂದು ಮುಂಜಾನೆ ಒಲೆಯ ಮುಂದೆಯೇ ಅವಳ ಬಲಗೈ ಜೋತುಬಿತ್ತು, ಬಾಯಿ ಸೊಟ್ಟಗಾಯಿತು. ಲಕ್ವಾ! ಯಾರೋ ಸೊಪ್ಪಿನ ಔಷಧಿ ಕೊಡುವವರ ಊರು ಹೇಳಿದರು. ಅವಳ ಮಗಳು ಶಾಂತಾ ಯಾರ ಮಾತಿಗೂ ಕಿವಿಗೊಡದೆ ತಾಯಿಯನ್ನು ಜೀಪಿನಲ್ಲಿ ದೊಡ್ಡ ಆಸ್ಪತ್ರೆಗೆ ತಂದಳು. ಅಲ್ಲಿ ಬಂಧುವೊಬ್ಬರು ಚಹಾ ಕುಡಿಸಹೋದಾಗ ನರ್ಸಮ್ಮ ಲೋಟ ಕಸಿದುಕೊಂಡರು: "ತಡೀರಿ, ನುಂಗಾಕ ಬರ್ತೈತೇನು ಮೊದ್ಲ ನೋಡ್ತೀವಿ. ಉಸಿರಿನ ನಳಿಗೆ ಹೋದ್ರ ಏನ್ ಮಾಡ್ತೀರಿ?" ತಲೆಯ ಸ್ಕ್ಯಾನ್ ಆಯಿತು, ಹೊತ್ತು ಮೀರುವ ಮೊದಲೇ ಔಷಧಿ ಬಿತ್ತು. ಜೀವ ಉಳಿಯಿತು. ಆದರೆ ಆ ಕೈ?

ನಮ್ಮ ಕಡೆ ಕಾಯಿಲೆಯವರನ್ನು ನೋಡಲು ಹೋದರೆ ಅವರ ಬಾಯಿಗೆ ಒಂದು ತುತ್ತಾದರೂ ಇಟ್ಟರೇ ಸಮಾಧಾನ. ಅತ್ತೆ ನುಂಗಬಲ್ಲಳೆಂದು ತಿಳಿದದ್ದೇ ತಡ, ಬಳಗವೆಲ್ಲ ಬುತ್ತಿ ಹಿಡಿದು ಮಂಚ ಮುತ್ತಿತು. ವ್ಯಾಯಾಮ ಮಾಡಿಸುವ ಮೇಡಂ ಅಡ್ಡ ನಿಂತರು.

"ಯಾರೂ ತುತ್ತು ಕೊಡಬ್ಯಾಡ್ರಿ. ಆ ಕೈಲೇ ಉಣ್ಲಿ."

"ಕೈ ಬಿದ್ದಾಕಿಗೆ ಕೈಲೇ ಉಣ್ಣು ಅಂತೀರಲ್ರಿ! ನಾವೇನು ಸತ್ತೀವೇನು?" ದೊಡ್ಡಪ್ಪ ಗುಡುಗಿದ.

"ನೀವು ಹಿಂಗ ಉಣಿಸಿದ್ರ ಆ ಕೈ ತನ್ನ ಕೆಲಸಾನ ಮರಿತೈತ್ರಿ."

ನನಗೂ ಸಿಟ್ಟು ಬಂದಿತ್ತು. ಅತ್ತೆ ಮೆತ್ತನೆಯ ಅನ್ನದ ಕಡೆ ಕೈ ಸರಿಸಿದಳು, ಜಾರಿತು. ಮೇಡಂ ಮೊಣಕೈಗೆ ಆಸರೆ ಕೊಟ್ಟರು. ತುತ್ತು ಗದ್ದಕ್ಕೆ ಹತ್ತಿತು, ಮೂಗಿಗೆ ಹತ್ತಿತು, ಕಡೆಗೆ ಬಾಯಿಗೆ ಹೋಯಿತು! ನಾವು ಚಪ್ಪಾಳೆ ತಟ್ಟಿಬಿಟ್ಟೆವು, ದೊಡ್ಡಪ್ಪನದೇ ಎಲ್ಲರಿಗಿಂತ ಜೋರು.

ಮನೆಗೆ ಕಳಿಸಿ ಮರೆತುಬಿಡುವ ಆಸ್ಪತ್ರೆ ಅದಾಗಿರಲಿಲ್ಲ. ತಿಂಗಳುಗಟ್ಟಲೆ ಕರೆಸಿದರು, ಅವಳ ಕಸುಬು ಕೇಳಿ ಜೋಳದ ಹಿಟ್ಟನ್ನೇ ತರಿಸಿ ನಾದಿಸಿದರು. ಅದೇ ವರ್ಷ ಲಕ್ವಾ ಹೊಡೆದು, ಬೇರೆಲ್ಲೋ ಬರೀ ಸಲೈನ್ ಹಾಕಿಸಿಕೊಂಡು ಬಂದ ನಮ್ಮ ಓಣಿಯ ಮೌಲಾಸಾಬರು ಇಂದಿಗೂ ಮಂಚದ ಮೇಲಿದ್ದಾರೆ.

ತಡೆಯಲಾರದೆ ಕೂತಲ್ಲಿಂದಲೇ ಅತ್ತೆಗೆ ಫೋನು ಹಚ್ಚಿದೆ.

"ಯಾಕಲೇ, ಈ ಹೊತ್ತಿನ್ಯಾಗ?" ಮಾತು ಈಗಲೂ ತುಸು ತೊದಲು, ಬೈಗುಳ ಮಾತ್ರ ಸ್ಪಷ್ಟ. ಹಿಂದೆ ದಪದಪ ಸದ್ದು.

"ರೊಟ್ಟಿ ಯಾರು ಬಡಿಯಾಕತ್ತಾರ, ಅತ್ತಿ?"

"ಮತ್ಯಾರು ಬಡಿತಾರ? ನಾನ! ಶಾಂತಾ ನನ್ನ ಕಿವಿಗೆ ಫೋನ್ ಹಿಡ್ಕೊಂಡು ನಿಂತಾಳ. ಗಿರಾಕಿ ಕುಂತಾರ, ಇಡಲೇ!"

ತಪಾಸಣೆ ಮುಗಿದ ಕೂಡಲೇ ಕುಷ್ಟಗಿ ಬಸ್ಸು ಹತ್ತುವುದೆಂದು ಅಲ್ಲೇ ನಿರ್ಧರಿಸಿದೆ.